ನೀರಿನ ಟ್ಯಾಂಕರ್ ಖರೀದಿ: ಕೊಂಡಿ, ಮುಂಭಾರ ಮತ್ತು ಓಲಾಟ

ಎತ್ತಿನ ಗಾಡಿಗೆ ಹೇರು ಹೇರುವ ರೈತನು ಮೊದಲು ನೋಡುವುದು ಮೂಕಿಯನ್ನು. ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಮುಂದಾದರೆ ಎತ್ತುಗಳು ಕುಸಿಯುತ್ತವೆ. ಸ್ವಲ್ಪ ಮುಂಭಾರವಿರುವ ಗಾಡಿಯೇ ಸಲೀಸಾಗಿ ಸಾಗುತ್ತದೆ. ಗ್ರಾಮ ಪಂಚಾಯಿತಿಯು ಟ್ರಾಕ್ಟರಿಗೆ ಜೋಡಿಸುವ ನೀರಿನ ಟ್ಯಾಂಕರನ್ನು ಖರೀದಿಸುವಾಗ ಇದೇ ತಿಳಿವಳಿಕೆ ಬೇಕಾಗುತ್ತದೆ. ಆದರೆ ದರಪಟ್ಟಿ ಪರಿಶೀಲಿಸುವ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ಎಷ್ಟು ಲೀಟರ್, ಎಷ್ಟು ದಪ್ಪದ ತಗಡು, ಯಾವ ಬಣ್ಣ ಎಂಬಷ್ಟೇ. ಅಚ್ಚು ಎಲ್ಲಿದೆ, ಕೊಂಡಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ತಯಾರಕನ ಇಚ್ಛೆಗೆ ಬಿಡಲಾಗುತ್ತದೆ. ಚಾಲಕನ ಪ್ರಾಣ ನಿಂತಿರುವುದು ಈ ಎರಡರ ಮೇಲೆ.

4000 ಲೀಟರಿನ, ಎರಡು ಚಕ್ರದ ಟ್ಯಾಂಕರೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೀರಿನ ತೂಕ 4000 ಕಿಲೋ. ಟ್ಯಾಂಕ್, ಚಾಸಿ ಮತ್ತು ಚಕ್ರಗಳ ತೂಕ 1100 ಕಿಲೋ ಎಂದು ಭಾವಿಸಿದರೆ ಒಟ್ಟು 5100 ಕಿಲೋ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ಅಂತರವಿದ್ದು, ತೂಕದ ಮಧ್ಯಬಿಂದು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದ್ದರೆ, ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಹತ್ತನೆಯ ಒಂದು ಭಾಗ, ಅಂದರೆ 510 ಕಿಲೋ. ಅದೇ ಮಧ್ಯಬಿಂದು ಕೇವಲ 10 ಸೆಂಟಿಮೀಟರ್ ಮುಂದಿದ್ದರೆ ಈ ಭಾರ 170 ಕಿಲೋಗೆ ಇಳಿಯುತ್ತದೆ. ಟ್ಯಾಂಕರಿನ ಹೊರರೂಪದಲ್ಲಿ ಒಂದು ಗೇಣಿನಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ರಸ್ತೆಯಲ್ಲಿ ಮಾತ್ರ ಅದು ಬೇರೆಯದೇ ಗಾಡಿಯಂತೆ ನಡೆದುಕೊಳ್ಳುತ್ತದೆ. ಮುಂಭಾರ ಕಡಿಮೆಯಾದ ಟ್ಯಾಂಕರಿನ ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ, ವೇಗ ಹೆಚ್ಚಿದಂತೆ ಓಲಾಟವೂ ಬೆಳೆಯುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ವಾಸದ ಟ್ರೈಲರ್ ಎಳೆಯುವವರು ಓಲಾಟ ತಡೆಯಲು ಘರ್ಷಣೆಯ ಸಲಾಕೆಗಳನ್ನು ಅಳವಡಿಸುವುದುಂಟು. ಅಲ್ಲಿಯೂ ಮೊದಲು ಸರಿಪಡಿಸುವುದು ಮುಂಭಾರವನ್ನೇ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕೆಂಬುದು ಅಲ್ಲಿನ ರೂಢಿ. ಟ್ರಾಕ್ಟರಿನ ಟ್ಯಾಂಕರಿಗೆ ಅಂತಹ ಸಲಾಕೆಯ ಅಗತ್ಯವಿಲ್ಲ. ಅಚ್ಚನ್ನು ಸರಿಯಾದ ಜಾಗದಲ್ಲಿ ಬೆಸುಗೆ ಹಾಕಿಸುವುದೇ ಇಲ್ಲಿಯ ಓಲಾಟ ನಿಯಂತ್ರಣ.

ಟ್ಯಾಂಕ್ ಅರ್ಧ ತುಂಬಿದಾಗ ಸ್ಥಿತಿ ಇನ್ನೂ ಕೆಡುತ್ತದೆ. ಒಂದು ಬೀದಿಗೆ ನೀರು ಬಿಟ್ಟು ಮುಂದಿನ ಹಾಡಿಗೋ ತಾಂಡಾಕ್ಕೋ ಹೊರಡುವ ಟ್ಯಾಂಕರಿನಲ್ಲಿ ಅರ್ಧ ನೀರಿರುವುದು ದಿನನಿತ್ಯದ ಸಂಗತಿ. 8 ಅಡಿಗೆ 1 ಅಡಿ ಏರುವ ದಿಬ್ಬದಲ್ಲಿ, 3 ಮೀಟರ್ ಉದ್ದದ ಟ್ಯಾಂಕಿನಲ್ಲಿ 60 ಸೆಂಟಿಮೀಟರ್ ಆಳದ ನೀರು ಹಿಂದಕ್ಕೆ ವಾಲಿ, ಅದರ ಮಧ್ಯಬಿಂದು ಸುಮಾರು 15 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಮೊದಲಿಗೇ 10 ಸೆಂಟಿಮೀಟರ್ ಮುಂಭಾರವಷ್ಟೇ ಇದ್ದ ಟ್ಯಾಂಕರಿನಲ್ಲಿ ಆಗ ಕೊಂಡಿಯ ಮೇಲಿನ ಭಾರ ಬಹುತೇಕ ಇಲ್ಲವಾಗುತ್ತದೆ. ಒಂದು ಗುಂಡಿಯ ಜರ್ಕು ಸಾಕು, ಕೊಂಡಿ ಮೇಲಕ್ಕೆ ಎಳೆಯುತ್ತದೆ, ಟ್ರಾಕ್ಟರಿನ ಹಿಂಚಕ್ರಗಳ ಹಿಡಿತ ಸಡಿಲುತ್ತದೆ, ಬಿಗಿಯದ ಪಿನ್ ಹಾರಿ ಬೀಳುತ್ತದೆ. ಟ್ಯಾಂಕಿನೊಳಗೆ ತೂತುಗಳಿರುವ ಅಡ್ಡ ತಗಡುಗಳನ್ನು ಹಾಕಿಸಿದರೆ ನೀರಿನ ಹೊಯ್ದಾಟ ಬಹಳವಾಗಿ ತಗ್ಗುತ್ತದೆ. ಬ್ರೇಕ್ ಹಾಕಿದಾಗ ನೀರೆಲ್ಲ ಮುಂದಕ್ಕೆ ನುಗ್ಗಿ ಟ್ರಾಕ್ಟರನ್ನು ತಳ್ಳುವುದೂ ಕಡಿಮೆಯಾಗುತ್ತದೆ. ಆದರೆ ದೀರ್ಘವಾದ ಏರಿನಲ್ಲಿ ನೀರು ನಿಧಾನವಾಗಿ ಹಿಂದೆ ಸೇರುವುದನ್ನು ಈ ತಗಡುಗಳು ತಡೆಯಲಾರವು. ಆದ್ದರಿಂದ ಅಡ್ಡ ತಗಡಿದೆ ಎಂಬ ಕಾರಣಕ್ಕೆ ಅಚ್ಚಿನ ಸ್ಥಾನವನ್ನು ಕಡೆಗಣಿಸುವಂತಿಲ್ಲ. ತಗಡುಗಳನ್ನು ಟೆಂಡರಿನ ತಾಂತ್ರಿಕ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯತಕ್ಕದ್ದು. ಬರೆಯದಿದ್ದರೆ ಅವು ಬರುವುದಿಲ್ಲ, ಮುಚ್ಚಿದ ಟ್ಯಾಂಕಿನೊಳಗೆ ಇಣುಕಿ ನೋಡುವವರೂ ಇರುವುದಿಲ್ಲ.

ಇನ್ನು ಕೊಂಡಿಯ ಎತ್ತರ. 1900 ಕಿಲೋ ತೂಕದ ಟ್ರಾಕ್ಟರಿನ ಮುಂಚಕ್ರಗಳ ಮೇಲೆ ಸಮತಟ್ಟು ನೆಲದಲ್ಲಿ ಸುಮಾರು 760 ಕಿಲೋ ಇದೆಯೆಂದು ಇಟ್ಟುಕೊಳ್ಳೋಣ. ಮೇಲಿನ ದಿಬ್ಬದಲ್ಲಿ ತುಂಬಿದ ಟ್ಯಾಂಕರನ್ನು ಮಣ್ಣಿನ ದಾರಿಯಲ್ಲಿ ಎಳೆಯಲು ಹೆಚ್ಚುಕಡಿಮೆ 1000 ಕಿಲೋದಷ್ಟು ಎಳೆತ ಬೇಕು. ಕೊಂಡಿ ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಈ ಎಳೆತವೊಂದೇ ಮುಂಚಕ್ರಗಳಿಂದ 420 ಕಿಲೋ ಕಸಿಯುತ್ತದೆ. ಕೊಂಡಿಯ ಮೇಲಿನ ಭಾರದಿಂದ 185ರಷ್ಟು, ಏರಿನ ಓರೆಯಿಂದ ಇನ್ನೊಂದು 100 ಹೋಗುತ್ತದೆ. ಉಳಿಯುವುದು 50 ಕಿಲೋ. ಸ್ಟೇರಿಂಗ್ ತಿರುಗಿಸಿದರೂ ಚಕ್ರ ನೆಲವನ್ನು ಹಿಡಿಯುವುದಿಲ್ಲ. ಆ ಸ್ಥಿತಿಯಲ್ಲಿ ಚಾಲಕನು ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಟ್ರಾಕ್ಟರಿನ ಮೂತಿ ಎದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚುತ್ತದೆ. ಜಿಗಿಯಲು ಅವನಿಗೆ ಸಮಯವಿರುವುದಿಲ್ಲ. ಕೊಂಡಿಯನ್ನು 40 ಸೆಂಟಿಮೀಟರಿಗೆ ಇಳಿಸಿದರೆ ಎಳೆತ ಕಸಿಯುವುದು 210 ಕಿಲೋ ಮಾತ್ರ, ಮುಂಚಕ್ರಗಳ ಮೇಲೆ 250 ಕಿಲೋಗೂ ಹೆಚ್ಚು ಉಳಿಯುತ್ತದೆ. ಅದೂ ಸಾಕೆನಿಸದ ಗುಡ್ಡದ ಊರುಗಳಲ್ಲಿ ಟ್ರಾಕ್ಟರಿನ ಮುಂದೆ ತೂಕದ ಬಿಲ್ಲೆಗಳನ್ನು ಹಾಕಿಸಬೇಕು, ಅಥವಾ ಚಿಕ್ಕ ಟ್ಯಾಂಕರಿಗೆ ಒಪ್ಪಬೇಕು. ಒಂದೇ ಸರದಿಯಲ್ಲಿ ಹೆಚ್ಚು ನೀರು ಎಂಬ ಆಸೆ ಬೇಸಿಗೆಯಲ್ಲಿ ಸಹಜವೇ. ಆದರೂ ಕಡಿದಾದ ದಾರಿಯಿರುವ ಪಂಚಾಯಿತಿಗೆ 3000 ಲೀಟರಿನ ಟ್ಯಾಂಕರ್ ಒಂದು ಸರದಿ ಹೆಚ್ಚು ಓಡಾಡುವುದೇ ಲೇಸು.

ಕೆಲವೆಡೆ ಟ್ಯಾಂಕರಿನ ಮೂತಿ ಎತ್ತರವಾಗಿದೆಯೆಂದು ಟ್ರಾಕ್ಟರಿನ ಮೇಲಿನ ಬ್ರಾಕೆಟ್ಟಿಗೆ, ಅಂದರೆ ನೇಗಿಲಿನ ಟಾಪ್ ಲಿಂಕ್ ಜೋಡಿಸುವ ಜಾಗಕ್ಕೆ ಕೊಂಡಿ ಹಾಕುವುದುಂಟು. ಇದಕ್ಕೆ ಯಾವ ಸಂದರ್ಭದಲ್ಲೂ ಅವಕಾಶ ನೀಡತಕ್ಕದ್ದಲ್ಲ. ಟ್ಯಾಂಕರಿನ ಮೂತಿಯನ್ನೇ ಟ್ರಾಕ್ಟರಿನ ಕೆಳಗಿನ ಡ್ರಾಬಾರಿನ ಮಟ್ಟಕ್ಕೆ ತಗ್ಗಿಸಿ ಮಾಡಿಸಬೇಕು. ಖರೀದಿ ಆದೇಶ ಕೊಡುವ ಮೊದಲು ಪಂಚಾಯಿತಿಯ ಟ್ರಾಕ್ಟರಿನ ಕೊಂಡಿಯ ಎತ್ತರವನ್ನು ಟೇಪು ಹಿಡಿದು ಅಳೆದು ತಯಾರಕನಿಗೆ ಲಿಖಿತವಾಗಿ ಕೊಡುವುದು ಹತ್ತು ನಿಮಿಷದ ಕೆಲಸ. ಪಿನ್ನು ತೂತಿನ ಅಳತೆಗೆ ಸರಿಹೊಂದುವ ಉಕ್ಕಿನದಾಗಿರಬೇಕು, ಕೆಳಗೆ ಬೀಗದ ಕ್ಲಿಪ್ಪು ಇರಬೇಕು. ಕಟ್ಟಡದ ಕಬ್ಬಿಣದ ಸರಳಿನ ತುಂಡು ಪಿನ್ನಲ್ಲ. ಪಿನ್ ಮುರಿದರೂ ಟ್ಯಾಂಕರ್ ಬೇರ್ಪಡದಂತೆ ಕೊಂಡಿಯ ಅಡಿಯಲ್ಲಿ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿರಬೇಕು.

ಇಳಿಜಾರಿನಲ್ಲಿ ಟ್ಯಾಂಕರೇ ಟ್ರಾಕ್ಟರನ್ನು ತಳ್ಳುತ್ತದೆ. ಟ್ರಾಕ್ಟರಿಗೆ ಎಡ ಮತ್ತು ಬಲ ಚಕ್ರಗಳ ಬ್ರೇಕ್ ಪೆಡಲುಗಳು ಬೇರೆ ಬೇರೆ ಇರುವುದರಿಂದ, ಹೊಲದಿಂದ ರಸ್ತೆಗೆ ಬಂದೊಡನೆ ಅವುಗಳನ್ನು ಕೊಂಡಿ ಹಾಕಿ ಒಂದಾಗಿಸದಿದ್ದರೆ ಒಂದು ಕಡೆಯ ಚಕ್ರ ಮಾತ್ರ ನಿಂತು ಗಾಡಿ ಅಡ್ಡ ತಿರುಗುತ್ತದೆ. ಟ್ಯಾಂಕರಿಗೆ ತನ್ನದೇ ಬ್ರೇಕ್ ಇರುವುದನ್ನು ಕೊಳ್ಳುವುದು ಉತ್ತಮ. ನ್ಯೂಟ್ರಲ್ಲಿನಲ್ಲಿ ಇಳಿಸುವ ಅಭ್ಯಾಸವನ್ನಂತೂ ಚಾಲಕರಿಂದ ಬಿಡಿಸಲೇಬೇಕು.

ಟ್ಯಾಂಕರ್ ಬಂದ ದಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ಅದನ್ನು ತುಂಬಿಸಿ ಹತ್ತಿರದ ವೇಬ್ರಿಡ್ಜಿಗೆ ಒಯ್ಯತಕ್ಕದ್ದು. ಮೊದಲು ಟ್ರಾಕ್ಟರಿನಿಂದ ಬಿಡಿಸಿ, ಮೂತಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಇಡೀ ಟ್ಯಾಂಕರನ್ನು ತೂಗಬೇಕು. ಬಳಿಕ ಟ್ರಾಕ್ಟರಿಗೆ ಜೋಡಿಸಿ, ಟ್ಯಾಂಕರಿನ ಚಕ್ರಗಳು ಮಾತ್ರ ತಕ್ಕಡಿಯ ಮೇಲಿರುವಂತೆ ತೂಗಬೇಕು. ಎರಡರ ವ್ಯತ್ಯಾಸವೇ ಮುಂಭಾರ. ಅದು ಒಟ್ಟು ತೂಕದ ಹತ್ತನೆಯ ಒಂದಕ್ಕಿಂತ ಕಡಿಮೆಯಿದ್ದರೆ, ಅಥವಾ ಟ್ರಾಕ್ಟರಿನ ಕೈಪಿಡಿಯಲ್ಲಿ ಕೊಂಡಿಗೆ ಹೇಳಿರುವ ಮಿತಿಯನ್ನು ಮೀರಿದ್ದರೆ, ಅಚ್ಚನ್ನು ಸರಿಸಿ ಕೊಡುವಂತೆ ಟ್ಯಾಂಕರನ್ನು ತಯಾರಕನಿಗೆ ಹಿಂದಿರುಗಿಸಬೇಕು. ಎರಡೂ ತೂಕದ ಚೀಟಿಗಳನ್ನು ಖರೀದಿ ಕಡತದಲ್ಲಿ ಲಗತ್ತಿಸಿ, ಅಂಕಿಗಳನ್ನು ಸಾಮಾನ್ಯ ಸಭೆಯ ನಡಾವಳಿಯಲ್ಲಿ ದಾಖಲಿಸತಕ್ಕದ್ದು.