ಅಘನಾಶಿನಿ ಅಳಿವೆಯಲ್ಲಿ ಮೂರು ದಿನದ ಪಾಠ

ಉತ್ತರ ಕನ್ನಡದ ಕರಾವಳಿಗೆ ಬರುವ ಶಾಲಾ ಪ್ರವಾಸದ ಬಸ್ಸುಗಳದ್ದು ಸಾಮಾನ್ಯವಾಗಿ ಒಂದೇ ಜಾಡು: ಜೋಗ, ಮುರ್ಡೇಶ್ವರ, ಗೋಕರ್ಣ, ಹೊತ್ತಿದ್ದರೆ ಯಾಣ. ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸುವ ಭರದಲ್ಲಿ ಮಕ್ಕಳ ಅರ್ಧ ಹೊತ್ತು ಬಸ್ಸಿನಲ್ಲೇ ಕಳೆದುಹೋಗುತ್ತದೆ. ಕಲಿಕೆಗೆಂದೇ ಹೊರಡುವ ತಂಡಕ್ಕೆ ಇಷ್ಟೆಲ್ಲ ಓಡಾಟ ಬೇಕಿಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯೊಂದನ್ನೇ ಹಿಡಿದುಕೊಂಡರೆ ಮೂರು ದಿನವೂ ಸಾಲದೆನಿಸುತ್ತದೆ.

ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿಯ ಹತ್ತಿರ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಸಿಹಿನೀರು ಮೇಲುಗೈಯಾದರೆ, ಬೇಸಿಗೆಯಲ್ಲಿ ಉಪ್ಪುನೀರು ಒಳನಾಡಿನತ್ತ ಏರುತ್ತದೆ. ಮೀನು, ಸೀಗಡಿ, ಚಿಪ್ಪಿನ ಬಳಚು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ದಡದ ಭತ್ತ, ಉಪ್ಪಿನ ಆಗರ ಎಲ್ಲವೂ ಈ ಏರಿಳಿತವನ್ನೇ ನಂಬಿಕೊಂಡಿವೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇಲ್ಲಿ ಬಳಚು ಹೆಕ್ಕಿ ಬದುಕುವವರ ಸಂಖ್ಯೆ ಎರಡು ಸಾವಿರ ದಾಟುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಯಾವಾಗ ಹೋಗಬೇಕು

ಏನನ್ನು ನೋಡಬೇಕೆಂಬುದರ ಮೇಲೆ ತಿಂಗಳು ನಿರ್ಧಾರವಾಗುತ್ತದೆ. ಮಾಣಿಕಟ್ಟಾ ಸುತ್ತಲಿನ ಗಜನಿ (ಅಳಿವೆಯಂಚಿನ ತಗ್ಗು) ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ಕೊಯ್ಲು ನೋಡಬೇಕಾದರೆ ಅಕ್ಟೋಬರ್, ಅಂದರೆ ದಸರಾ ರಜೆಯ ಆಸುಪಾಸು ಬರಬೇಕು. ಉಪ್ಪುನೀರು ತಡೆದುಕೊಳ್ಳುವ, ಗೊಬ್ಬರ–ಔಷಧ ಕೇಳದ ತಳಿ ಇದು. ಕೊಯ್ಲು ಮುಗಿದ ಮೇಲೆ ತೂಬು ತೆರೆದು ಅದೇ ಗದ್ದೆಗೆ ಅಳಿವೆಯ ನೀರು ಬಿಡುತ್ತಾರೆ. ಚಳಿಗಾಲದಲ್ಲಿ ಬಂದವರಿಗೆ ಅಲ್ಲಿ ಕಾಣುವುದು ಪೈರಲ್ಲ, ಮೀನು–ಸೀಗಡಿಯ ಕೆರೆ. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ತೆಗೆಯುವುದನ್ನು ನೋಡಲು ಬಿಸಿಲು ಬಲಿಯಬೇಕು. ಪರೀಕ್ಷೆಯ ಲೆಕ್ಕವನ್ನೂ ಸೇರಿಸಿದರೆ ಶಾಲೆಗಳಿಗೆ ಫೆಬ್ರುವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ: ಮಳೆ ಬಿಡುವು ಕೊಡುವುದಿಲ್ಲ, ಘಟ್ಟದ ದಾರಿಗಳಲ್ಲಿ ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದಿತ್ತು.

ತಿಂಗಳಿಗಿಂತ ಮುಖ್ಯವಾದದ್ದು ಗಳಿಗೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇಂದು ಬೆಳಿಗ್ಗೆ 7ಕ್ಕೆ ಇಳಿತವಿದ್ದರೆ ಮೂರು ದಿನ ಬಿಟ್ಟು ಅದು ಒಂಬತ್ತೂವರೆಗೆ. ಇಳಿತದಲ್ಲಿ ಹೋದವರಿಗೆ ಕೆಸರುಬಯಲು, ಬಳಚು ಹೆಕ್ಕುವ ಹೆಂಗಸರು, ಕಾಂಡ್ಲಾದ ಬೇರು ಕಾಣುತ್ತವೆ. ಉಬ್ಬರದಲ್ಲಿ ಹೋದವರಿಗೆ ಬರಿಯ ನೀರು. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಪ್ರಕಟಿಸುವ ಉಬ್ಬರದ ಮುನ್ಸೂಚನೆ ನೋಡಿ ವೇಳಾಪಟ್ಟಿ ಬರೆದು, ಬಸ್ಸು, ತಿಂಡಿ, ಊಟವನ್ನು ಅದಕ್ಕೆ ಹೊಂದಿಸಬೇಕು.

ಮೂರು ದಿನದ ಜೋಡಣೆ

ಮೊದಲ ದಿನ ಪ್ರಯಾಣದ ದಣಿವಿರುವುದರಿಂದ ಮಿರ್ಜಾನ್ ಕೋಟೆಯಷ್ಟೇ ಸಾಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ, ಜಂಬಿಟ್ಟಿಗೆಯ ಈ ಕೋಟೆ ಹೆದ್ದಾರಿಗೆ ಹತ್ತಿರವೇ ಇದೆ. ಘಟ್ಟದ ಕಾಳುಮೆಣಸು ಹೊಳೆಯ ಹಾದಿಯಲ್ಲಿ ಕಡಲಿಗೆ ಇಳಿಯುತ್ತಿದ್ದ ಕತೆಯನ್ನು ಇಲ್ಲಿಯೇ ಹೇಳಿದರೆ ಮರುದಿನದ ಅಳಿವೆ ಮಕ್ಕಳಿಗೆ ಹೊಸದೆನಿಸುವುದಿಲ್ಲ.

ಎರಡನೆಯ ದಿನ ಇಳಿತದ ಹೊತ್ತಿಗೆ ತದಡಿ. ಎಂಟು–ಹತ್ತು ಮಂದಿಯ ಗುಂಪು ಮಾಡಿ, ಪ್ರತಿ ಗುಂಪಿಗೂ ಸ್ಥಳೀಯರೊಬ್ಬರು ಜೊತೆಗಿರುವಂತೆ ನೋಡಿಕೊಳ್ಳಬೇಕು. ಅವಿಸೀನಿಯ ಜಾತಿಯ ಕಾಂಡ್ಲಾ ಗಿಡದ ಎಲೆಯ ಮೇಲೆ ಬಿಸಿಲೇರಿದಾಗ ಬೆರಳಾಡಿಸಿ ನಾಲಿಗೆಗೆ ತಾಗಿಸಿದರೆ ಉಪ್ಪು ಹತ್ತುತ್ತದೆ: ಬೇರಿನಿಂದ ಏರಿದ ಉಪ್ಪನ್ನು ಗಿಡ ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಪಕ್ಕದ ರೈಜೋಫೊರಾದಲ್ಲಿ ಬೀಜ ಮರದಲ್ಲಿದ್ದಾಗಲೇ ಮೊಳೆತು, ನುಗ್ಗೆಕಾಯಿಯಂತೆ ಜೋತುಬಿದ್ದಿರುತ್ತದೆ. ತದಡಿಯಿಂದ ಎದುರಿನ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಬಸ್ಸು ಮಾತ್ರ ಮಿರ್ಜಾನ್ ಬಳಸಿ ಸುತ್ತಿ ಬರಬೇಕು.

ಇಲ್ಲಿ ಮಾಡಲೇಬೇಕಾದ ಒಂದು ಪ್ರಯೋಗವಿದೆ. ತದಡಿ, ಮಿರ್ಜಾನ್ ಮತ್ತು ಇನ್ನೂ ಮೇಲಿನ ಒಂದು ಜಾಗದಿಂದ ನೀರು ತಂದು, ಬಟ್ಟೆಯಲ್ಲಿ ಸೋಸಿ, ತಲಾ 100 ಮಿಲಿಲೀಟರ್‌ನಷ್ಟನ್ನು ಒಲೆಯ ಮೇಲೆ ಬತ್ತಿಸಿ ಉಳಿದದ್ದನ್ನು ತೂಗಬೇಕು. ತೆರೆದ ಸಮುದ್ರದ ನೀರಾದರೆ ಸುಮಾರು 3.5 ಗ್ರಾಂ ಉಪ್ಪು ಸಿಗುತ್ತದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, ಶಾಲೆಯ ಲ್ಯಾಬಿನದ್ದನ್ನೇ ತರಬೇಕು.

ಮೂರನೆಯ ದಿನಕ್ಕೆ ಎರಡು ದಾರಿ. ಇತಿಹಾಸದ ಆಸಕ್ತಿಯಿದ್ದರೆ ಬೆಳಿಗ್ಗೆ ಸಾಣಿಕಟ್ಟಾದ ಆಗರ, ಆಮೇಲೆ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ. ಆಗರಕ್ಕೆ ಕಾಲಿಡುವ ಮೊದಲು ಅದನ್ನು ನಡೆಸುವ ಸಹಕಾರಿ ಸಂಘದ ಒಪ್ಪಿಗೆ ಬೇಕು. ಬದುವಿನ ಮೇಲಷ್ಟೇ ನಡೆಯಬೇಕು. ವಿಜ್ಞಾನದ ತಂಡವಾದರೆ ಹೊನ್ನಾವರಕ್ಕೆ ಹೋಗಿ ಶರಾವತಿ ಕಾಂಡ್ಲಾ ವನದ ಮರದ ಕಾಲುದಾರಿಯಲ್ಲಿ ನಡೆದು, ಅದೇ ಉಪ್ಪಿನ ಪ್ರಯೋಗವನ್ನು ಮತ್ತೆ ಮಾಡಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಗೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಅಕ್ಕಪಕ್ಕದ ತಾಲೂಕುಗಳ ಎರಡು ಅಳಿವೆಗಳ ವ್ಯತ್ಯಾಸವನ್ನು ಮಕ್ಕಳು ತಾವೇ ತೂಗಿ ನೋಡಬಹುದು.

ಎಚ್ಚರಿಕೆ

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಮುಳುಗಿ ತೀರಿಕೊಂಡರು. ಆದ್ದರಿಂದ ಕಡಲಿಗಿಳಿಯುವುದನ್ನು ಕಾರ್ಯಕ್ರಮದಿಂದಲೇ ತೆಗೆದುಹಾಕುವುದು ಲೇಸು. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬಾರದು. ಅಳಿವೆಯ ಚಿಪ್ಪು ಬ್ಲೇಡಿನಷ್ಟೇ ಹರಿತ, ಬರಿಗಾಲು ಬೇಡ; ಹಳೆಯ ಕ್ಯಾನ್ವಾಸ್ ಬೂಟು ಸಾಕು. ಟೋಪಿ, ನೀರಿನ ಬಾಟಲಿ, ಒಂದು ಜೊತೆ ಬದಲಿ ಬಟ್ಟೆ ಪ್ರತಿಯೊಬ್ಬರ ಚೀಲದಲ್ಲೂ ಇರಲಿ. ಬಳಚು ಹೆಕ್ಕುವವರ ಪಾಲಿಗೆ ಇಳಿತದ ಹೊತ್ತೇ ದುಡಿಮೆಯ ಹೊತ್ತು. ಅವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದಾದರೆ ಮೊದಲೇ ಮಾತಾಡಿಕೊಂಡು ಆ ಹೊತ್ತಿನ ಕೂಲಿ ಕೊಡಬೇಕು, ಕೇಳದೆ ಫೋಟೊ ತೆಗೆಯಬಾರದು.

ಪ್ರಯಾಣ, ವಸತಿ

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಕುಮಟಾ. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ–ಅಂಕೋಲಾ ರಸ್ತೆ ಇದೆ. ವಾರಾಂತ್ಯದಲ್ಲಿ ಗೋಕರ್ಣ ತುಂಬಿ ತುಳುಕುವುದರಿಂದ ಶಾಲಾ ತಂಡಕ್ಕೆ ಕುಮಟಾ ಪಟ್ಟಣವೇ ವಾಸಿ. ಸೋಮವಾರದಿಂದ ಗುರುವಾರದೊಳಗೆ ಬಂದರೆ ಕೊಠಡಿಯೂ ಸುಲಭ. ಇಲಾಖೆಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ದೋಣಿಯವರೊಂದಿಗಿನ ಮಾತುಕತೆ, ಈ ಮೂರೂ ಕೆಲಸ ಒಂದು ತಿಂಗಳ ಮುಂಚೆಯೇ ಮುಗಿದಿರಬೇಕು. ದೋಣಿಯವರಿಗೆ ತಾರೀಖಿನ ಜೊತೆ ಇಳಿತದ ಗಂಟೆಯನ್ನೂ ತಿಳಿಸಿ, ಅವರು ಹೂಂ ಎಂದ ಮೇಲೆಯೇ ರೈಲಿನ ಟಿಕೆಟ್ ಮಾಡಿಸುವುದು ಒಳ್ಳೆಯದು.