ಸಾವಿರ ಗಜದ ಗುರಿ ಮತ್ತು ಬಂದೂಕಿನ ದೂರದರ್ಶಕ

ಬಂದೂಕಿನ ಮೇಲೆ ಒಳ್ಳೆಯ ದೂರದರ್ಶಕವೊಂದನ್ನು ಕೂರಿಸಿದರೆ ಗುಂಡು ತಾನಾಗಿಯೇ ಗುರಿಯನ್ನು ಮುಟ್ಟುವುದೆಂಬ ಭಾವನೆ ಬಹು ಜನರಲ್ಲಿದೆ. ಚಲನಚಿತ್ರಗಳು ಈ ಭಾವನೆಯನ್ನು ಇನ್ನಷ್ಟು ಬೆಳೆಸಿವೆ. ವಾಸ್ತವವಾಗಿ ದೂರದರ್ಶಕವು ಗುಂಡಿನ ದಾರಿಯನ್ನು ಎಳ್ಳಷ್ಟೂ ಬದಲಿಸಲಾರದು. ಅದು ಮಾಡುವ ಕೆಲಸಗಳು ಎರಡೇ. ದೂರದ ವಸ್ತುವನ್ನು ಕಣ್ಣಿಗೆ ಸ್ಪಷ್ಟಪಡಿಸುವುದು ಒಂದು. ನಮ್ಮ ನೋಟದ ರೇಖೆಗೂ ಬಂದೂಕಿನ ನಳಿಗೆಗೂ ನಡುವಣ ಕೋನವನ್ನು ಅಳೆದು, ಹಾಗೆಯೇ ಹಿಡಿದಿಡುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಅಂಗಡಿಯಲ್ಲಿ ಹಣ ತೆರುವುದೂ ಬಹುಮಟ್ಟಿಗೆ ಅದಕ್ಕಾಗಿಯೇ. ಆದರೆ ದೂರದ ಗುರಿಯಲ್ಲಿ ಅಂಕಗಳು ಕೈತಪ್ಪುವುದು ಹೆಚ್ಚಾಗಿ ಎರಡನೆಯದರ ಲೋಪದಿಂದ. ಆದುದರಿಂದ ನಾವು ಇಲ್ಲಿ ದೂರದರ್ಶಕವನ್ನು ಕೋನಮಾಪಕವೆಂದೇ ಭಾವಿಸಿ, ಅದನ್ನು ಆಯುವುದು ಹೇಗೆ, ಕೂರಿಸುವುದು ಹೇಗೆ ಎಂಬುದನ್ನು ವಿಚಾರಿಸೋಣ.

ಮೊದಲು ಅಳತೆಯ ಮಾತು. ಒಂದು ಡಿಗ್ರಿಯ ಅರುವತ್ತರಲ್ಲೊಂದು ಭಾಗಕ್ಕೆ ಮಿನಿಟು ಎಂದು ಹೆಸರು. 1000 ಗಜ, ಎಂದರೆ ಸುಮಾರು 914 ಮೀಟರು ದೂರದಲ್ಲಿ ಒಂದು ಮಿನಿಟಿನ ಕೋನವು 26.6 ಸೆಂಟಿಮೀಟರಿನಷ್ಟು, ಎಂದರೆ ಸುಮಾರು ಹತ್ತೂವರೆ ಅಂಗುಲದಷ್ಟು ಅಗಲವನ್ನು ಒಳಗೊಳ್ಳುವುದು. ದೂರದರ್ಶಕ ಬಳಸಿ ಬಹುದೂರ ಗುರಿಯಿಡುವ ಸ್ಪರ್ಧೆಗಳಲ್ಲಿ ‘ಎಫ್-ಕ್ಲಾಸ್’ ಎಂಬುದು ಪ್ರಸಿದ್ಧವಾದುದು. ಕೆನಡಾದ ಜಾರ್ಜ್ ಫರ್ಕ್ವಾರ್ಸನ್ ಎಂಬಾತನ ಹೆಸರಿನ ಮೊದಲಕ್ಷರವೇ ಅದಕ್ಕೆ ಹೆಸರಾಗಿದೆ. ಅಮೆರಿಕದಲ್ಲಿ ಈ ಸ್ಪರ್ಧೆಗೆ 1000 ಗಜದಲ್ಲಿ ನಿಲ್ಲಿಸುವ ಹಲಗೆಯ ಮೇಲೆ 10 ಅಂಕಗಳ ವೃತ್ತಕ್ಕೆ 10 ಅಂಗುಲ ವ್ಯಾಸ. ಅದರ ನಡುವಣ ಚಿಕ್ಕ ವೃತ್ತಕ್ಕೆ 5 ಅಂಗುಲ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು 30 ಮಿನಿಟು. ಹಾಗಾದರೆ ಚಂದ್ರನ ಅಗಲವನ್ನು ಮೂವತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲಿನೊಳಗೆ ಗುಂಡನ್ನು ಇಡಬೇಕು. ಸಾಧಾರಣವಾದ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತ್ಯಲ್ಪ ಕೋನವೂ ಸುಮಾರು ಒಂದು ಮಿನಿಟೇ ಆದ್ದರಿಂದ ಬರಿಗಣ್ಣು ಇಲ್ಲಿ ತನ್ನ ಎಲ್ಲೆಯಲ್ಲಿ ನಿಂತಿರುತ್ತದೆ.

ಬರಿಗಣ್ಣಿಗೆ ಇನ್ನೂ ಒಂದು ತೊಡಕುಂಟು. ಕಬ್ಬಿಣದ ಗುರಿಮೊನೆಯುಳ್ಳ ಬಂದೂಕಿನಲ್ಲಿ ಹಿಂದಿನ ಕಂಡಿ, ಮುಂದಿನ ಮೊನೆ, ದೂರದ ಹಲಗೆ ಎಂಬ ಮೂರನ್ನೂ ಒಂದೇ ಗೆರೆಗೆ ತರಬೇಕು. ಮೂರೂ ಬೇರೆ ಬೇರೆ ದೂರದಲ್ಲಿರುವುದರಿಂದ ಒಂದು ಸ್ಪಷ್ಟವಾದಾಗ ಇನ್ನೊಂದು ಮಸುಕಾಗುವುದು. ಇದಕ್ಕೆ ಪರಿಹಾರ ದೊರೆತುದು ಬಂದೂಕಿನಿಂದಲ್ಲ, ಆಕಾಶವೀಕ್ಷಣೆಯಿಂದ. 1611ರಲ್ಲಿ ಕೆಪ್ಲರ್ ವಿವರಿಸಿದ ದೂರದರ್ಶಕದಲ್ಲಿ ಎರಡು ಪೀನಮಸೂರಗಳ ನಡುವೆ ದೂರದ ವಸ್ತುವಿನ ನಿಜಬಿಂಬವು ಮೂಡುತ್ತದೆ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಇಂತಹ ಸಾಧನದೊಳಗೆ ಜೇಡವೊಂದು ಎಳೆದಿದ್ದ ಎಳೆ ಬಿಂಬದೊಡನೆಯೇ ಸ್ಪಷ್ಟವಾಗಿ ಕಾಣುವುದನ್ನು ಗಮನಿಸಿದನು. ಬಿಂಬವಿರುವ ತಲದಲ್ಲಿಯೇ ಗೆರೆಯನ್ನಿಟ್ಟರೆ ಕಣ್ಣಿಗೆ ಎರಡೂ ಒಂದೇ ದೂರದಲ್ಲಿರುವಂತೆ ತೋರುವುದು! ಅಂದಿನ ಅಂತರ್ಯುದ್ಧದಲ್ಲಿ, 1644ರ ಮಾರ್ಸ್ಟನ್ ಮೂರ್ ಕದನದಲ್ಲಿ, ಆತನು ಮಡಿದನು. ಜೇಡನ ಎಳೆ ಮಾತ್ರ ಉಳಿದು ಭೂಮಾಪಕರ ಥಿಯೊಡೊಲೈಟಿಗೂ ಕೊನೆಗೆ ಬಂದೂಕಿಗೂ ಬಂದಿತು. ಒಂದನ್ನೊಂದು ಕತ್ತರಿಸುವ ಈ ಎರಡು ಸೂಕ್ಷ್ಮರೇಖೆಗಳನ್ನು ನಾವು ಗುರಿಗೆರೆಗಳೆಂದು ಕರೆಯೋಣ.

ಇನ್ನು ಆಯ್ಕೆ. ‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. 5 ಅಂಗುಲದ ವೃತ್ತವು ಅರ್ಧ ಮಿನಿಟಿನದು. 20 ಪಟ್ಟು ಹಿಗ್ಗಿಸಿದರೆ ಅದು ಕಣ್ಣಿಗೆ 10 ಮಿನಿಟಿನಷ್ಟಾಗಿ, ಗುರಿಗೆರೆಯನ್ನು ಅದರ ನಡುವೆ ನಿಲ್ಲಿಸಲು ಸಾಕಾಗುವುದು. 30 ಅಥವಾ 40 ಪಟ್ಟು ಇದ್ದರೆ ಅನುಕೂಲವೇ. ಆದರೆ ಆ ಅನುಕೂಲಕ್ಕೆ ಬೆಲೆಯುಂಟು. ವಸ್ತುಮಸೂರದ ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಟ್ಟಿನ ದಪ್ಪವು ದೊರೆಯುತ್ತದೆ. 56 ಮಿಲಿಮೀಟರಿನ ಮಸೂರದಲ್ಲಿ 8 ಪಟ್ಟಿಗೆ ಅದು 7 ಮಿಲಿಮೀಟರು. 40 ಪಟ್ಟಿಗೆ ಕೇವಲ 1.4. ಕಟ್ಟು ತೆಳುವಾದಂತೆ ಬಿಂಬ ಮಂದವಾಗುವುದು. ತಲೆ ತುಸು ಸರಿದರೂ ನೋಟ ಕತ್ತಲಾಗುವುದು.

ಗಾಳಿಯೂ ಒಂದು ಮಿತಿಯನ್ನು ಹಾಕುತ್ತದೆ. ಬಿಸಿಲೇರಿದಾಗ ನೆಲದ ಮೇಲಣ ಗಾಳಿ ಕುದಿಯುವ ನೀರಿನಂತೆ ಅಲೆಯಾಡುವುದನ್ನು ವಾಚಕರು ಡಾಂಬರು ರಸ್ತೆಯ ಮೇಲೆ ಕಂಡಿರಬಹುದು. ದೂರದರ್ಶಕವು ಗುರಿಯನ್ನು ಹಿಗ್ಗಿಸುವಂತೆಯೇ ಈ ಅಲೆಗಳನ್ನೂ ಹಿಗ್ಗಿಸುವುದು. 7.8 ಮಿಲಿಮೀಟರಿನ ಗುಂಡು ಕೊರೆದ ತೂತು 1000 ಗಜದಲ್ಲಿ ಎರಡು ಸೆಕೆಂಡಿಗೂ ಕಡಮೆಯ ಕೋನದ್ದು (ಮಿನಿಟಿನ ಅರುವತ್ತರಲ್ಲೊಂದು ಭಾಗವೇ ಸೆಕೆಂಡು). 56 ಮಿಲಿಮೀಟರಿನ ಮಸೂರದ ವಿಭೇದನಶಕ್ತಿಯ ಎಲ್ಲೆಯೂ ಸರಿಸುಮಾರು ಅಷ್ಟೇ. ಗಾಳಿಯ ಕಾಟ ಸೇರಿದರೆ ತೂತು ಕಾಣುವ ಆಸೆಯನ್ನು ಬಿಡಬೇಕು. ಅದಕ್ಕಾಗಿಯೇ ಸ್ಪರ್ಧಾಂಗಣದಲ್ಲಿ ಹಲಗೆಯ ಕೆಳಗಣ ಹೊಂಡದಲ್ಲಿರುವ ಸಹಾಯಕರು ಹಲಗೆಯನ್ನು ಇಳಿಸಿ, ತೂತಿಗೆ ಬಿಲ್ಲೆಯೊಂದನ್ನು ಸಿಕ್ಕಿಸಿ, ಮತ್ತೆ ಮೇಲೆತ್ತುತ್ತಾರೆ. ಹಿಗ್ಗುವಿಕೆಯನ್ನು ಬೇಕಾದಂತೆ ಏರಿಸಿ ಇಳಿಸುವ ದೂರದರ್ಶಕವನ್ನು ಆರಿಸಿಕೊಂಡು, ಗಾಳಿ ಕುದಿಯುವ ಹೊತ್ತಿನಲ್ಲಿ ಇಳಿಸಿಕೊಳ್ಳುವುದೇ ಜಾಣತನವೆಂದು ನಮ್ಮ ಮತ.

ಹಿಗ್ಗಿಸಿದಷ್ಟೂ ನೋಟದ ಹರವು ಕುಗ್ಗುವುದು. 30 ಪಟ್ಟಿನ ಆಸುಪಾಸಿನಲ್ಲಿ ಸಾವಿರ ಗಜದಾಚೆ ಕಾಣುವುದು ಸುಮಾರು 9 ಅಥವಾ 10 ಮೀಟರು ಅಗಲದ ಪಟ್ಟಿ ಮಾತ್ರ. ಅದರಲ್ಲಿ ಪಕ್ಕಪಕ್ಕದ ಕೆಲವೇ ಹಲಗೆಗಳು ಹಿಡಿಸುತ್ತವೆ. ಅವುಗಳಲ್ಲಿ ನಮ್ಮದು ಯಾವುದು? 1874ರಲ್ಲಿ ಅಮೆರಿಕದ ಕ್ರೀಡ್‌ಮೂರಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ನಡೆದ ಹೆಸರಾಂತ ಪಂದ್ಯದಲ್ಲಿ ಐರಿಷ್ ತಂಡದ ಮಿಲ್ನರನು ಹಲಗೆಯ ನಟ್ಟನಡುವೆ ಹೊಡೆದನು, ಆದರೆ ಬೇರೆಯವರ ಹಲಗೆಗೆ! ನಾಲ್ಕು ಅಂಕಗಳು ಸೊನ್ನೆಯಾದವು. ಐರ್ಲೆಂಡು 934ಕ್ಕೆ 931ರಿಂದ ಸೋತಿತು. ಆತನ ಬಂದೂಕಿಗೆ ದೂರದರ್ಶಕವಿರಲಿಲ್ಲ. ಕಿರಿದಾದ ಹರವಿನಲ್ಲಿ ಇಂತಹ ಪ್ರಮಾದ ಇನ್ನೂ ಸುಲಭ. ಕಡಮೆ ಪಟ್ಟಿನಲ್ಲಿ ಹಲಗೆಯ ಸಂಖ್ಯೆಯನ್ನು ಓದಿಕೊಂಡು ಆಮೇಲೆ ಹಿಗ್ಗಿಸುವ ಅಭ್ಯಾಸ ಒಳ್ಳೆಯದು. ತೂಕವನ್ನೂ ಮರೆಯಬಾರದು: ಎಫ್-ಕ್ಲಾಸಿನ ಒಂದು ವಿಭಾಗದಲ್ಲಿ ಬಂದೂಕು, ಊರುಗಾಲು, ದೂರದರ್ಶಕ ಎಲ್ಲ ಸೇರಿ 8.25 ಕಿಲೋಗ್ರಾಮನ್ನು ಮೀರಕೂಡದು.

ಮಸೂರದ ಹೊಳಪಿಗಿಂತ ಮುಖ್ಯವಾದುದು ಪ್ಯಾರಲಾಕ್ಸನ್ನು ತಿದ್ದುವ ತಿರುಪು. ಪ್ರಯೋಗಶಾಲೆಯಲ್ಲಿ ಗುಂಡುಸೂಜಿಯನ್ನು ಹಿಂದೆ ಮುಂದೆ ಸರಿಸಿ, ತಲೆಯಾಡಿಸಿದರೂ ಸೂಜಿಯೂ ಬಿಂಬವೂ ಅಗಲದಂತಹ ಸ್ಥಾನವನ್ನು ವಿದ್ಯಾರ್ಥಿಗಳು ಹುಡುಕುವುದುಂಟಷ್ಟೆ. ಇಲ್ಲಿಯೂ ಅದೇ ತತ್ತ್ವ. ಗುರಿಯ ದೂರ ಬದಲಾದಂತೆ ಬಿಂಬದ ಸ್ಥಾನವೂ ಬದಲಾಗುವುದು. ಬಿಂಬವು ಗುರಿಗೆರೆಯ ತಲದಲ್ಲಿಲ್ಲದಿದ್ದರೆ ಕಣ್ಣು ಸರಿದಂತೆ ಗೆರೆಯು ಗುರಿಯ ಮೇಲೆ ತೇಲಾಡುವುದು. 100 ಗಜಕ್ಕೆ ಹೊಂದಿಸಿದ ದೂರದರ್ಶಕವನ್ನು ಹಾಗೆಯೇ 1000 ಗಜಕ್ಕೆ ತಿರುಗಿಸಿದರೆ ಏನಾಗುವುದು? ವಸ್ತುಮಸೂರದ ಅಂಚಿನಿಂದ, ಎಂದರೆ ಅಕ್ಷದಿಂದ 28 ಮಿಲಿಮೀಟರು ದೂರದಿಂದ ಹೊರಟು 100 ಗಜದಲ್ಲಿ ಅಕ್ಷವನ್ನು ದಾಟುವ ಒಂದು ಸರಳರೇಖೆಯನ್ನು ಎಳೆಯಿರಿ. ಮುಂದಣ 900 ಗಜಗಳಲ್ಲಿ ಅದು ಅಕ್ಷದಿಂದ 28ರ ಒಂಬತ್ತರಷ್ಟು, 252 ಮಿಲಿಮೀಟರು ಅಗಲಿರುತ್ತದೆ. 10 ಅಂಕದ ವೃತ್ತದ ತ್ರಿಜ್ಯವೇ 127 ಮಿಲಿಮೀಟರು! ಕಣ್ಣು ಪೂರ್ತಿ ಅಂಚಿಗೆ ಸರಿಯುವುದು ಅಪರೂಪವಾದರೂ ಅದರ ಅರ್ಧದಷ್ಟು ಸರಿದರೂ ಅಂಕ ಹೋಯಿತು. ಆದುದರಿಂದ ಮೊದಲು ದೂರದರ್ಶಕವನ್ನು ಬಯಲಾದ ಆಕಾಶದ ಕಡೆಗೆ ತಿರುಗಿಸಿ (ಸೂರ್ಯನ ಕಡೆಗೆ ಎಂದಿಗೂ ಕೂಡದು, ಕಣ್ಣೇ ಹೋದೀತು) ನೇತ್ರಮಸೂರವನ್ನು ತಿರುಗಿಸುತ್ತ ಗುರಿಗೆರೆಗಳು ಕಡುಸ್ಪಷ್ಟವಾಗುವಂತೆ ಮಾಡಬೇಕು. ಅನಂತರ ಬಂದೂಕನ್ನು ಮರಳಿನ ಚೀಲಗಳ ಮೇಲಿಟ್ಟು, ಅದನ್ನು ಮುಟ್ಟದೆ ತಲೆಯನ್ನಷ್ಟೇ ಆಡಿಸುತ್ತ, ಗೆರೆಯು ಗುರಿಯ ಮೇಲೆ ನಿಶ್ಚಲವಾಗುವವರೆಗೆ ಪ್ಯಾರಲಾಕ್ಸ್ ತಿರುಪನ್ನು ತಿರುಗಿಸಬೇಕು.

ಈಗ ಕೋನದ ಲೆಕ್ಕಕ್ಕೆ ಬರೋಣ. ನಳಿಗೆಯಿಂದ ಹೊರಟ ಗುಂಡು ಆ ಕ್ಷಣದಿಂದಲೇ ಬೀಳತೊಡಗುವುದು. ಬಹಳ ಬಳಕೆಯಲ್ಲಿರುವ .308 ವಿಂಚೆಸ್ಟರ್ ಜಾತಿಯ ತೋಟಾದಲ್ಲಿ, ಸಾವಿರ ಗಜ ಸೇರುವ ವೇಳೆಗೆ ಗುಂಡು ನಳಿಗೆಯ ನೇರಕ್ಕಿಂತ 9 ಮೀಟರಿಗೂ ಮಿಕ್ಕು ಕೆಳಗಿಳಿದಿರುತ್ತದೆ. 100 ಗಜಕ್ಕೆ ಸರಿಹೊಂದಿಸಿದ ಬಂದೂಕಿನ ನಳಿಗೆಯನ್ನು 1000 ಗಜಕ್ಕಾಗಿ ಇನ್ನೂ ಸುಮಾರು 32 ಮಿನಿಟು ಎತ್ತಬೇಕು. ಚಂದ್ರಬಿಂಬದ ಅಗಲದಷ್ಟು ಎನ್ನೋಣ. ದೂರದರ್ಶಕದ ಮೇಲಣ ತಿರುಪನ್ನು ತಿರುಗಿಸಿದಾಗ ಒಳಗಣ ಮಸೂರದ ಕೊಳವೆ ಬಾಗಿ ಈ ಕೋನ ಒದಗುವುದು. ತಿರುಪಿನ ಒಂದೊಂದು ‘ಟಿಕ್’ ಸದ್ದಿಗೂ ಸಾಮಾನ್ಯವಾಗಿ ಮಿನಿಟಿನ ಕಾಲು ಭಾಗ ಅಥವಾ ಎಂಟನೆಯ ಒಂದು ಭಾಗ.

ಆದರೆ ತಿರುಪಿಗೂ ಕೊನೆಯುಂಟು. ಒಟ್ಟು 60 ಮಿನಿಟಿನ ಚಲನೆಯುಳ್ಳ ದೂರದರ್ಶಕದಲ್ಲಿ ನಡುವಿನಿಂದ ಮೇಲಕ್ಕೆ ದೊರೆಯುವುದು 30 ಮಾತ್ರ. ನಮಗೆ ಬೇಕಾದುದು 32. ಹಿಂಬದಿಯು ತುಸು ಎತ್ತರವಾಗಿರುವ ಪೀಠವನ್ನು ಬಳಸಿ ಈ ಕೊರತೆಯನ್ನು ನೀಗುತ್ತಾರೆ. 20 ಮಿನಿಟು ಓರೆಯಾದ ಪೀಠದ ಮೇಲೆ ಕೂತ ದೂರದರ್ಶಕವು ನಳಿಗೆಗಿಂತ ಅಷ್ಟು ಕೆಳಮುಖವಾಗಿರುವುದರಿಂದ, ನೋಟವನ್ನು ಗುರಿಗೆ ನೆಟ್ಟಾಗ ನಳಿಗೆಯು ತಾನೇ ಅಷ್ಟು ಮೇಲೇಳುತ್ತದೆ. ತಿರುಪಿನಲ್ಲಿ ಮೇಲಕ್ಕೆ 50 ಮಿನಿಟು ಉಳಿಯುತ್ತದೆ. ಹಿಡಿಬಳೆಗಳೆರಡರ ನಡುವೆ 140 ಮಿಲಿಮೀಟರು ಅಂತರವಿದ್ದರೆ, ಈ 20 ಮಿನಿಟಿಗಾಗಿ ಹಿಂದಿನ ಬಳೆ ಎಷ್ಟು ಎತ್ತರವಾಗಬೇಕು? ಲೆಕ್ಕ ಹಾಕಿದರೆ 0.8 ಮಿಲಿಮೀಟರಷ್ಟೆ!

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಜೋಡಣೆಯ ಗುಟ್ಟೆಲ್ಲ ಬಯಲಾಗುವುದು. ಒಂದು ಮಿನಿಟಿಗೆ ಆ ಎತ್ತರ 0.04 ಮಿಲಿಮೀಟರು, ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಮೆ. ಒಂದು ಬಳೆ ಅಷ್ಟು ಅಲುಗಿತೆಂದರೆ ಸಾವಿರ ಗಜದಲ್ಲಿ ಗುಂಡು ಹತ್ತೂವರೆ ಅಂಗುಲ ಆಚೆಗೆ ಬೀಳುವುದು. ಪ್ರತಿಯೊಂದು ಗುಂಡಿನ ಒದೆತವೂ ಆ ಬಳೆಗಳನ್ನು ಅಲುಗಿಸಲು ಯತ್ನಿಸುತ್ತದೆ ಎಂಬುದನ್ನು ನೆನೆದರೆ, ಹಣವನ್ನೆಲ್ಲ ಮಸೂರಕ್ಕೆ ಸುರಿದು ಬಳೆಗಳನ್ನು ಅಗ್ಗದಲ್ಲಿ ಕೊಳ್ಳುವುದು ತಿಳಿಗೇಡಿತನವೆಂದು ಬೇರೆ ಹೇಳಬೇಕಾಗಿಲ್ಲ.

ಜೋಡಿಸುವ ಮುನ್ನ ಬಂದೂಕಿನಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು. ಇದರಲ್ಲಿ ವಿನಾಯಿತಿಯೇ ಇಲ್ಲ. ಪೀಠದ ತಿರುಪುಮೊಳೆಗಳ ಎಣ್ಣೆಯನ್ನು ಒರಸಿ ಬಿಗಿಯಬೇಕು. ಬಳೆಗಳ ಕೆಳಭಾಗವನ್ನು ಕೂರಿಸಿ, ದೂರದರ್ಶಕವನ್ನು ಅದರಲ್ಲಿಟ್ಟು, ಮೇಲ್ಭಾಗವನ್ನು ಸಡಿಲವಾಗಿ ಮುಚ್ಚಿದ ಮೇಲೆ, ನಿಜವಾಗಿ ಗುರಿಯಿಡುವ ಭಂಗಿಯಲ್ಲಿಯೇ ಮಲಗಿ ಕಣ್ಣಿನ ದೂರವನ್ನು ಗೊತ್ತುಮಾಡಿಕೊಳ್ಳಬೇಕು. ನೇತ್ರಮಸೂರದಿಂದ 8ರಿಂದ 10 ಸೆಂಟಿಮೀಟರು ಹಿಂದೆ ಕಣ್ಣಿದ್ದಾಗ ನೋಟವು ತುಂಬಿ ಬರುವಂತೆ ದೂರದರ್ಶಕವನ್ನು ಸರಿಸಬೇಕು. ಇದಕ್ಕಿಂತ ಹತ್ತಿರವಾದರೆ ಒದೆತಕ್ಕೆ ಕೊಳವೆಯ ಅಂಚು ಹುಬ್ಬನ್ನು ಸೀಳುವುದುಂಟು. ಮೇಜಿನ ಮುಂದೆ ನಿಂತು ಹೊಂದಿಸಿದ ದೂರವು ಮಲಗಿದಾಗ ಸರಿಹೋಗದು. ಕತ್ತು ಚಾಚುವುದರಿಂದ ಕಣ್ಣು ಮುಂದಕ್ಕೆ ಬರುತ್ತದೆ.

ಇನ್ನುಳಿದುದು ಗುರಿಗೆರೆಯನ್ನು ನೆಟ್ಟಗೆ ನಿಲ್ಲಿಸುವುದು. ಇದು ಅಂದಚಂದದ ಮಾತಲ್ಲ. ಗುಂಡು ಬೀಳುವುದು ಭೂಮಿಯ ಕಡೆಗೆ. ನಾವು ನಳಿಗೆಯನ್ನು ಎತ್ತುವುದು ಗುರಿಗೆರೆಯ ನೇರಕ್ಕೆ. ಇವೆರಡೂ ಒಂದೇ ಲಂಬದಲ್ಲಿಲ್ಲದಿದ್ದರೆ ಎತ್ತಿದುದರಲ್ಲಿ ಒಂದು ಪಾಲು ಪಕ್ಕಕ್ಕೆ ಹೋಗುವುದು. ಬಂದೂಕು ಒಂದೇ ಒಂದು ಡಿಗ್ರಿ ವಾಲಿದರೂ 9 ಮೀಟರಿನ ಬೀಳುವಿಕೆಯಲ್ಲಿ ಸುಮಾರು 16 ಸೆಂಟಿಮೀಟರು ಪಕ್ಕಕ್ಕೆ ತಿರುಗಿ, ಗುಂಡು 10 ಅಂಕದ ವೃತ್ತದಿಂದ ಹೊರಬೀಳುವುದು. 100 ಗಜದಲ್ಲಿ ಇದೇ ದೋಷವು ಒಂದು ಮಿಲಿಮೀಟರನ್ನೂ ಮುಟ್ಟದು. ಹೀಗಾಗಿ ಹತ್ತಿರದ ಅಭ್ಯಾಸದಲ್ಲಿ ಅದು ಪತ್ತೆಯಾಗುವುದಿಲ್ಲ. ಗಾರೆಯವರು ಬಳಸುವ ಎರಡು ಸಾಧನಗಳೇ ಇಲ್ಲಿ ನೆರವಿಗೆ ಬರುತ್ತವೆ. ರಸಮಟ್ಟವನ್ನು ಪೀಠದ ಮೇಲಿಟ್ಟು ಬಂದೂಕನ್ನು ಸಮಮಾಡಿ, ಗಾಳಿಯಾಡದ ಕಡೆ ತೂಕ ಕಟ್ಟಿ ಇಳಿಬಿಟ್ಟ ದಾರವನ್ನು ದೂರದರ್ಶಕದಲ್ಲಿ ನೋಡುತ್ತ, ನಿಂತ ಗೆರೆಯು ದಾರದೊಡನೆ ಒಂದಾಗುವಂತೆ ಕೊಳವೆಯನ್ನು ತಿರುಗಿಸಬೇಕು. ಬಳಿಕ ಬಳೆಗಳ ಮೊಳೆಗಳನ್ನು ಒಂದಾದ ಮೇಲೊಂದರಂತೆ, ಕರ್ಣರೇಖೆಯಲ್ಲಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಎರಡು ಕಡೆಯ ಸಂದೂ ಸಮವಾಗಿರಬೇಕು. ಬಿಗಿಯ ಅಳತೆ ಸಾಮಾನ್ಯವಾಗಿ 2 ನ್ಯೂಟನ್-ಮೀಟರಿನ ಆಸುಪಾಸಿನಲ್ಲಿರುತ್ತದೆ. ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಬಲವಿದೆಯೆಂದು ತೋಳಿನ ಅಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಕೊಳವೆ ನಜ್ಜಾಗಿ ಒಳಗಣ ಚಲನೆಯೇ ಕೆಡಬಹುದು. ಚಿಕ್ಕ ರಸಮಟ್ಟವೊಂದನ್ನು ಕೊಳವೆಗೇ ಕಾಯಂ ಆಗಿ ಜೋಡಿಸಿಕೊಂಡರೆ ಪ್ರತಿಯೊಂದು ಹೊಡೆತಕ್ಕೂ ವಾಲುವಿಕೆ ಕಣ್ಣಿಗೆ ಬೀಳುತ್ತದೆ.

ನಮ್ಮ ದೇಶದಲ್ಲಿ ಇಂತಹ ಬಂದೂಕಿಗೆ 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ ಎಂಬುದೂ ತಿಳಿದಿರತಕ್ಕದ್ದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10 ಮೀಟರಿನ ಚಿನ್ನವನ್ನು ಗೆದ್ದುದು ಕಿರುಕಂಡಿಯ ಮೂಲಕ ನೋಡಿ. ಆದರೂ ಅಲ್ಲಿಯ ತಿರುಪುಗಳೂ ಅಳೆಯುವುದು ಕೋನವನ್ನೇ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ತಿರುಪಿನ ಮೇಲೆ ಕೊರೆದಿರುವ ಅಂಕಿ ದಿಟವೇ? 100 ಮೀಟರಿನಲ್ಲಿ ನಿಲ್ಲಿಸಿದ ಎತ್ತರವಾದ ಹಲಗೆಯ ಮೇಲೆ ಇಳಿಬಿಟ್ಟ ದಾರದ ನೇರಕ್ಕೆ ಗೆರೆಯೊಂದನ್ನು ಎಳೆದು, ಕೆಳಗಡೆ ಒಂದು ಬಿಂದುವನ್ನೂ ಅದರಿಂದ 87.3 ಸೆಂಟಿಮೀಟರು ಮೇಲೆ ಇನ್ನೊಂದು ಗುರುತನ್ನೂ ಹಾಕಿರಿ. ಅದು ಆ ದೂರಕ್ಕೆ 30 ಮಿನಿಟು. ಕೆಳಗಿನ ಬಿಂದುವಿಗೇ ಗುರಿಯಿಟ್ಟು ಮೊದಲು ಮೂರು ಗುಂಡು. ತಿರುಪನ್ನು 30 ಮಿನಿಟು ಏರಿಸಿ, ಅದೇ ಬಿಂದುವಿಗೆ ಗುರಿಯಿಟ್ಟು ಮತ್ತೆ ಮೂರು. ತಿರುಪನ್ನು ಸೊನ್ನೆಗಿಳಿಸಿ ಕೊನೆಯ ಮೂರು. ಎರಡನೆಯ ಗುಂಪು ಮೇಲಿನ ಗುರುತಿನ ಹತ್ತಿರ, ಗೆರೆಯ ಮೇಲೆಯೇ ಬಿದ್ದರೆ ತಿರುಪೂ ಲಂಬವೂ ಸರಿ. ಎತ್ತರ ಸರಿಯಾಗಿದ್ದು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಗುರಿಗೆರೆ ವಾಲಿದೆ. ನೇರ ಸರಿಯಿದ್ದು ಎತ್ತರ 84 ಸೆಂಟಿಮೀಟರು ಮಾತ್ರ ಬಂದರೆ ತಿರುಪಿನ ‘ಮಿನಿಟು’ ನಿಜವಾದ ಮಿನಿಟಿಗಿಂತ ಚಿಕ್ಕದು, ಆ ಅನುಪಾತವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ತಿದ್ದಿಕೊಳ್ಳಬಹುದು. ಮೂರನೆಯ ಗುಂಪು ಮೊದಲನೆಯದರ ಜಾಗಕ್ಕೆ ಮರಳದಿದ್ದರೆ ಮಾತ್ರ ಬಳೆಗಳನ್ನು ಮತ್ತೆ ಬಿಚ್ಚಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ದೋಷವು ಕೊಳವೆಯ ಒಳಗಿದೆಯೆಂದು ತಿಳಿದು ದೂರದರ್ಶಕವನ್ನು ಹಿಂದಿರುಗಿಸಬೇಕು.