ಗುಂಡುತೋಪು: ಮೂರು ತಲೆಮಾರಿಗೂ ನೆರಳು

ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಹಿಂದಿನವರು ಊರೊಟ್ಟಿನ ಗುಂಡುತೋಪುಗಳನ್ನು ಬೆಳೆಸಿದ್ದರು. ಹುಣಸೆ, ಮಾವು, ಹಿಪ್ಪೆ, ನೇರಳೆ, ಹೊಂಗೆಗಳ ಈ ತೋಪುಗಳು ದನಕರುಗಳಿಗೂ ದಾರಿಹೋಕರಿಗೂ ನೆರಳಾಗಿದ್ದವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಪೀಣ್ಯ, ವೈಟ್‌ಫೀಲ್ಡ್‌ಗಳ ಸುತ್ತಲೂ ಹೊಲಗಳು ಕಾರ್ಖಾನೆ, ಬಡಾವಣೆಗಳಾದವು. ಹೊಲವಿದ್ದಾಗ ಅಜ್ಜನಿಗೆ ಬದುವಿತ್ತು, ಮೊಮ್ಮಕ್ಕಳಿಗೆ ಕಣವಿತ್ತು. ಈಗ ಅನೇಕ ಊರುಗಳಲ್ಲಿ ಅವರಿಗೂ, ಬಾಡಿಗೆಗೆ ಬಂದ ಕಾರ್ಮಿಕ ಕುಟುಂಬಗಳಿಗೂ ಉಳಿದಿರುವುದು ತೋಪಿನ ತುಂಡು ಮತ್ತು ಅರಳಿಕಟ್ಟೆ ಮಾತ್ರ. ಅದನ್ನೂ ಕಸ ಹಾಕಲು ಬಿಟ್ಟರೆ ಒತ್ತುವರಿಯಾಗುವುದು ಖಂಡಿತ.

ಮೊದಲು ಗಡಿ

ಪಹಣಿಯಲ್ಲಿ ಗುಂಡುತೋಪು ಎಂದಿರುವ ಸರ್ವೆ ನಂಬರನ್ನು ತಾಲ್ಲೂಕು ಕಚೇರಿಯಲ್ಲಿ ನೋಡಿ, ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಹಳೆಯ ಮರ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ವಯ ವೃಕ್ಷಾಧಿಕಾರಿಗಳನ್ನು ವಿಚಾರಿಸುವುದು ಅವಶ್ಯಕ.

ವಿನ್ಯಾಸ

ವೃದ್ಧರಿಗೊಂದು ಮೂಲೆ, ಮಕ್ಕಳಿಗೊಂದು ಬೇಲಿ ಎಂದು ಬೇರ್ಪಡಿಸಬಾರದು. ಹಿರಿಯರು ಕೂತಲ್ಲಿಂದಲೇ ಆಟದ ಜಾಗ ಕಾಣುವಂತಿದ್ದರೆ ಮಕ್ಕಳಿಗೆ ಕಾವಲು, ಹಿರಿಯರಿಗೆ ಹೊತ್ತು ಹೋಗುವಿಕೆ, ದುಡಿಯುವ ತಾಯಿಗೆ ನೆಮ್ಮದಿ.

1. ಆಸನವು ಒಂದೂವರೆ ಅಡಿ ಎತ್ತರವಿದ್ದು, ಒರಗಲು ಬೆನ್ನು, ಏಳಲು ಕೈಹಿಡಿ ಇರಬೇಕು. ಎತ್ತರದ ಅರಳಿಕಟ್ಟೆ ಮಂಡಿನೋವಿನವರಿಗೆ ಎಟುಕದು. ಒಂದು ಬದಿಗೆ ಅಗಲ ಮೆಟ್ಟಿಲು ಕಟ್ಟಿರಿ.

2. ದಾರಿ 5 ಅಡಿ ಅಗಲವಿರಲಿ. ಏರು 12 ಅಡಿಗೆ 1 ಅಡಿ ಮೀರದಿದ್ದರೆ ಗಾಲಿಕುರ್ಚಿಯೂ ಸಾಗುತ್ತದೆ.

3. ಕಾಂಡದ ಸುತ್ತ ಸಿಮೆಂಟ್ ಬಳಿಯಬಾರದು. ಬೇರಿಗೆ ಗಾಳಿ, ನೀರು ಸಿಗದೆ ಮರ ಸೊರಗುತ್ತದೆ. ಮಣ್ಣನ್ನು ತೆರೆದಿಟ್ಟು ತರಗೆಲೆ ಹೊದಿಸಿರಿ.

ಸಸಿ ನೆಡುವಿಕೆ

ಪಡುವಣ ಬದಿಗೆ ಹೊಂಗೆ, ಬೇವುಗಳನ್ನು 30 ಅಡಿ ಅಂತರದಲ್ಲಿ ನೆಟ್ಟರೆ ಸಂಜೆಯ ಆಟಕ್ಕೆ ನೆರಳಾಗುತ್ತದೆ. ನೇರಳೆಯನ್ನು ದಾರಿಯಿಂದ ದೂರ ನೆಡಬೇಕು. ಉದುರಿದ ಹಣ್ಣಿನ ಮೇಲೆ ಮುದುಕರು ಜಾರುವ ಸಂಭವವಿದೆ. ಕಣಗಿಲೆ ವಿಷಯುಕ್ತವಾದ್ದರಿಂದ ಮಕ್ಕಳಾಡುವಲ್ಲಿ ಬೇಡ. ಬೇಸಿಗೆಯಲ್ಲಿ 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಡನೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಜೂನ್-ಜುಲೈನಲ್ಲಿ ನೆಡಿರಿ. ಮೊದಲ ಎರಡು ಬೇಸಿಗೆ ನೀರು ತಪ್ಪಕೂಡದು.

ಪೋಷಣೆ

ಒಂದೊಂದು ಸಸಿಯನ್ನು ಒಂದೊಂದು ಮನೆಗೆ ವಹಿಸಿರಿ. ನೀರು ಹಾಕುವುದು ಮಕ್ಕಳ ಕೆಲಸ, ಸವರುವ ಕ್ರಮ ತೋರಿಸುವುದು ಹಿರಿಯರ ಕೆಲಸ. ಹೊಲ ಮಾರಿದ ಊರಿನಲ್ಲೂ ಬೇಸಾಯದ ತಿಳುವಳಿಕೆ ಮುಂದಿನವರಿಗೆ ದಾಟಲು ಇದೇ ದಾರಿ. ಮುಂಗಾರಿಗೆ ಮುನ್ನ ಅಳತೆಯ ಅರ್ಜಿ ಕೊಡಿರಿ.